ಗೆದ್ದವರ ಹೆಸರೂ ಹಾಕಿ, ಸ್ಕೋರೂ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯನ್ನು ಕ್ರೀಡಾ ಪುಟದಿಂದಲೇ ಶುರು ಮಾಡುತ್ತಿದ್ದ ಓದುಗರೊಬ್ಬರು ಈಚೆಗೆ ತೀರಿಕೊಂಡರು. ಶಹಾಬಾದಿನಲ್ಲಿ ಪರ್ಸಿ ಕಲ್ಲಿನ ವ್ಯಾಪಾರ ಮಾಡಿಕೊಂಡಿದ್ದವರು. ಓಣಿಗೆಲ್ಲ ಅವರು ಕಾಕಾ. ಆ ಪುಟ ಓದಿ ಮುಗಿಯೋ ತನಕ ಗಿರಾಕಿ ಕೂಡ ಕಾಯಬೇಕಿತ್ತು.

ಕಾಕಾ ದೊಡ್ಡ ಆಟಗಾರರೇನಲ್ಲ. ವಾಲಿಬಾಲ್ ಆಡುತ್ತಿದ್ದರು, ಅದೂ ಸುಮಾರಾಗಿ. ಆದರೆ ಆಡಿಸುವುದರಲ್ಲಿ ಅವರದು ಎತ್ತಿದ ಕೈ. ಅಂಗಡಿ ಹಿಂದೆ ಒಂದು ಬಿದಿರಿನ ಗಳ ಇಟ್ಟಿದ್ದರು. ಅದರ ಮೇಲೆ ಬಣ್ಣದ ಎರಡು ಗೀಟು. ಗಂಡು ಹುಡುಗರ ನೆಟ್‌ಗೆ 2.43 ಮೀಟರ್, ಹೆಣ್ಣುಮಕ್ಕಳದಕ್ಕೆ 2.24. ನೆಟ್ ಕಟ್ಟಿದ ಮೇಲೆ ಆ ಗಳ ಹಿಡಿದು ನಡುವೆ ಒಮ್ಮೆ, ಎರಡೂ ತುದಿಗೆ ಒಮ್ಮೊಮ್ಮೆ ಅಳೆಯುತ್ತಿದ್ದರು. "ತಮ್ಮಾ, ನಡುವ ಜೋತು ಬಿದ್ದದ, ಎಳಿ" ಅಂದರೆ ಎಳೆಯಲೇಬೇಕು. ಬಿಸಿಲೇರುತ್ತದೆ ಅಂತ ನಾವು ಎಷ್ಟೇ ಗಡಿಬಿಡಿ ಮಾಡಿದರೂ ಕೇಳುತ್ತಿರಲಿಲ್ಲ. ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟ್ ಸಿಗುತ್ತಿದ್ದ 15 ಪಾಯಿಂಟಿನ ಹಳೇ ಆಟವೇ ಆಟ, ಯಾರು ಸರ್ವ್ ಮಾಡಿದರೂ ಪಾಯಿಂಟ್ ಸಿಗೋ ಈಗಿನ 25ರದು ಸುಮ್ನೆ ಅವಸರ ಅನ್ನುತ್ತಿದ್ದರು. ಇದನ್ನು ನಾನು ಈಗಲೂ ಒಪ್ಪುವುದಿಲ್ಲ.

ಮನೆಯಲ್ಲೂ ಆಟದ್ದೇ ಮಾತು. ಕಾಕಾನ ತಂದೆ ನಿಜಾಮನ ಕಾಲ ಕಂಡವರು. ಕ್ರಿಕೆಟ್‌ನಲ್ಲಿ ಅವರಿಗೆ ಕೊನೆತನಕ ಹೈದರಾಬಾದೇ ನಮ್ಮ ತಂಡ, ಅದರ ಕ್ಯಾಪ್ಟನ್ ಆಗಿದ್ದ ಜೈಸಿಂಹ ಅಂದ್ರೆ ಪ್ರಾಣ. ಮಗನಿಗೆ ಕರ್ನಾಟಕದ ಪ್ರಸನ್ನ, ವಿಶ್ವನಾಥ್. ಬಾಂಬೆ ಸತತ 15 ಸಲ ರಣಜಿ ಗೆದ್ದಿತ್ತು ನೋಡಿ, ಅದನ್ನು ಕರ್ನಾಟಕ 1974ರಲ್ಲಿ ಸೆಮಿಫೈನಲ್‌ನಲ್ಲೇ ತಡೆದು, ಆಮೇಲೆ ಮೊದಲ ಸಲ ಕಪ್ಪೂ ಗೆದ್ದಾಗ ಅಪ್ಪ-ಮಗನ ಮಾತು ಕೆಲವು ದಿನ ಬಂದ್ ಆಗಿತ್ತಂತೆ. ಕಾಕು ಚಹಾ ಕೊಡುತ್ತಾ ಹೇಳೋರು, ಕಾಕಾ ನಗೋರು. ಮೂವರು ಹೆಣ್ಣುಮಕ್ಕಳೂ ಖೋಖೋ ಆಡಿದರು. ಹತ್ತನೇ ಕ್ಲಾಸಿಗೆ ಬಂದ ಮೇಲಾದರೂ ಆಟ ಬಿಡಿಸಿ ಎಂದ ನೆಂಟರಿಗೆ "ಪರೀಕ್ಷಾ ಮಾರ್ಚ್‌ನಾಗ ಅದ, ಮ್ಯಾಚ್ ನಾಳಿಗಿ ಅದ" ಎಂದು ಕಾಕಾ ಎದ್ದು ಹೋಗಿದ್ದರು.

ಅವರಿಗೊಂದು ಬೇಜಾರಿತ್ತು. ತಾಲ್ಲೂಕು ಪಂದ್ಯಾವಳಿ ಸುದ್ದಿಯಲ್ಲಿ ಉದ್ಘಾಟನೆಯ ಫೋಟೋ ಇರುತ್ತದೆ, ವೇದಿಕೆ ಮೇಲೆ ಕೂತವರ ಹೆಸರು ಒಂದೂ ಬಿಡದೆ ಇರುತ್ತವೆ. ಗೆದ್ದದ್ದು ಯಾರು, ಸ್ಕೋರ್ ಎಷ್ಟು ಅನ್ನೋದೇ ಇರಲ್ಲ. ಯಾವ ಪತ್ರಿಕೆ ತೆಗೆದರೂ ಇಷ್ಟೇ ಅಲ್ವಾ? ಕಾಕಾ ಆ ಸುದ್ದಿ ಕತ್ತರಿಸಿ, ಅಂಚಿನಲ್ಲಿ ಸೆಟ್‌ವಾರು ಸ್ಕೋರನ್ನು ತಾವೇ ಪೆನ್ನಿನಿಂದ ಬರೆದು ಲೆಕ್ಕದ ವಹಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕಲ್ಲಿನ ಬಾಕಿ ವಸೂಲಿ ಪುಟಗಳ ನಡುವೆ ಈಗಲೂ ಅವು ಇವೆ.

ಜಿಲ್ಲಾ ಪುಟದಲ್ಲಿ ನಮಗೆ ಜಾಸ್ತಿ ಜಾಗ ಬೇಡ. ಎರಡು ಸಾಲು ಸಾಕು. ಪಂದ್ಯ ಮುಗಿದ ಸಂಜೆಯೇ ಸ್ಕೋರ್‌ಶೀಟಿನ ಫೋಟೋವನ್ನು ನಿಮ್ಮ ವರದಿಗಾರರಿಗೆ ವಾಟ್ಸ್ಆ್ಯಪ್ ಮಾಡಲು ನಮ್ಮ ಹುಡುಗರು ತಯಾರಿದ್ದಾರೆ. ಸೋತ ತಂಡದ ಹೆಸರನ್ನೂ ಬಿಡಬೇಡಿ.

– ಒಬ್ಬ ಓದುಗ, ಶಹಾಬಾದ್, ಕಲಬುರಗಿ ಜಿಲ್ಲೆ