ಭಾನುವಾರದ ಚರ್ಚೆ: ಮೊದಲ ಮಾನವ ಪ್ರಭೇದ

ಸದಸ್ಯರೆಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಸಂಜೆ 6 ಗಂಟೆಯ ಆನ್‌ಲೈನ್ ಚರ್ಚೆಗೆ ಹೋಮೋ ಹ್ಯಾಬಿಲಿಸ್ ಎಂಬ ಆದಿಮಾನವ ಪ್ರಭೇದವನ್ನು ಎತ್ತಿಕೊಳ್ಳಲಾಗಿದೆ. ಟಾಂಜಾನಿಯಾದ ಓಲ್ಡುವಾಯ್ ಕಮರಿಯಲ್ಲಿ 1960ರಲ್ಲಿ ದೊರೆತ ಕೆಳದವಡೆ, ತಲೆಬುರುಡೆಯ ಚೂರುಗಳು ಮತ್ತು ಕೈಮೂಳೆಗಳು ಇದರ ಆಧಾರ. 1964ರಲ್ಲಿ ಹೆಸರಿಟ್ಟವರು ವಿಜ್ಞಾನಿಗಳಾದ ಲೂಯಿ ಲೀಕಿ, ಫಿಲಿಪ್ ಟೋಬಿಯಾಸ್ ಮತ್ತು ಜಾನ್ ನೇಪಿಯರ್. ಆದರೆ ಇಥಿಯೋಪಿಯಾದ ಲೆಡಿ-ಗೆರಾರುವಿನಲ್ಲಿ 2013ರಲ್ಲಿ ಸಿಕ್ಕ, ಸುಮಾರು 28 ಲಕ್ಷ ವರ್ಷ ಹಳೆಯ ಅರ್ಧ ದವಡೆಯು ಹೋಮೋ ಕುಲದ (ಮಾನವ ಕುಲದ) ಆರಂಭವನ್ನು ಇನ್ನಷ್ಟು ಹಿಂದಕ್ಕೆ ಒಯ್ದಿದೆ. ಅದರ ದವಡೆಹಲ್ಲುಗಳು ಕಿರಿದಾಗಿವೆ, ಗದ್ದ ಮಾತ್ರ ಹೋಮೋಗಿಂತ ಹಿಂದಿನ ವಾನರಸದೃಶ ಕುಲವಾದ ಆಸ್ಟ್ರಲೋಪಿತೆಕಸ್‌ನಂತೆ ಹಿಂದಕ್ಕೆ ಜಾರಿದೆ. ನನ್ನ ಮಟ್ಟಿಗೆ ಚರ್ಚೆಯ ತಿರುಳು ಇದೇ. ವಾನರನಿಂದ ಮನುಷ್ಯನವರೆಗೆ ಒಂದರ ನಂತರ ಒಂದು ಬಂದಂತೆ ತೋರಿಸುವ ಸಾಲುಚಿತ್ರವನ್ನು ದಯವಿಟ್ಟು ಮತ್ತೆ ಹಂಚಬೇಡಿ, ಏಕೆಂದರೆ ಹ್ಯಾಬಿಲಿಸ್ ಮತ್ತು ಇನ್ನೊಂದು ಮಾನವ ಪ್ರಭೇದವಾದ ಹೋಮೋ ಎರೆಕ್ಟಸ್ ಪೂರ್ವ ಆಫ್ರಿಕಾದಲ್ಲಿ ಏಕಕಾಲದಲ್ಲಿ ಬದುಕಿದ್ದವು. ಭಾಗವಹಿಸುವವರು ಶುಕ್ರವಾರದೊಳಗೆ ಹೆಸರಿನೊಂದಿಗೆ ಒಂದು ಪ್ರಶ್ನೆಯನ್ನೂ ಇಲ್ಲಿಯೇ ಬರೆದು ತಿಳಿಸಬೇಕಾಗಿ ವಿನಂತಿ.