ಚರಗ ಚೆಲ್ಲುವ ಮಕ್ಕಳಿಗೆ ಬಾಡಿಗೆಯ ಕಿರೀಟ

ಮಾನ್ಯ ಸಂಪಾದಕರೇ,

ಚಳಿಗಾಲ ಕಾಲಿಟ್ಟಿತೆಂದರೆ ಮುಂಬಯಿಯ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ನವೆಂಬರ್ 1ರ ರಾಜ್ಯೋತ್ಸವ ಇಲ್ಲಿ ಅನೇಕ ವರ್ಷ ದೀಪಾವಳಿ ರಜೆಯೊಳಗೆ ಸಿಕ್ಕಿಬೀಳುವುದರಿಂದ ಅದೂ ಮುಂದಕ್ಕೆ ಹೋಗಿ, ಆಟೋಟ ಸ್ಪರ್ಧೆ, ವಾರ್ಷಿಕೋತ್ಸವ, ಸಂಕ್ರಾಂತಿಯ ಎಳ್ಳುಬೆಲ್ಲಗಳೊಂದಿಗೆ ಡಿಸೆಂಬರ್-ಜನವರಿಯಲ್ಲೇ ಬಂದು ನಿಲ್ಲುತ್ತದೆ. ಈ ದಿನಗಳಲ್ಲಿ ನಡೆಯುವ ‘ನಮ್ಮ ಸಂಸ್ಕೃತಿ’ ಎಂಬ ಕಾರ್ಯಕ್ರಮದ ಬಗ್ಗೆ, ಅದಕ್ಕೆ ಹಲವು ವರ್ಷ ಚಂದಾ ಎತ್ತಿದವರಲ್ಲಿ ಒಬ್ಬನಾಗಿ, ಕೆಲವು ಮಾತು ಬರೆಯುತ್ತಿದ್ದೇನೆ.

ಬೃಹನ್ಮುಂಬಯಿ ಮಹಾನಗರಪಾಲಿಕೆ 8 ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ; ಕನ್ನಡ ಅವುಗಳಲ್ಲಿ ಒಂದು. ಹಿಂದೆ ನಮ್ಮ ಕರಾವಳಿಯ ಹೋಟೆಲು ಕಾರ್ಮಿಕರ, ಗಿರಣಿ ಕಾರ್ಮಿಕರ ಮಕ್ಕಳು ಕಲಿತ ಇಂಥ ಶಾಲೆಗಳ ಬೆಂಚುಗಳಲ್ಲಿ ಇಂದು ಕುಳಿತವರಲ್ಲಿ ಬಹಳಷ್ಟು ಮಂದಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳವರು. ನಮ್ಮ ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಯಾವುದೋ ಕಾಲವಾಯಿತು. ಆದರೂ ಉತ್ಸವದ ಖರ್ಚು ಭರಿಸುವವರು ನಾವೇ ಆದ್ದರಿಂದ, ವೇದಿಕೆಯ ಮೇಲೆ ಕಾಣುವುದೂ ನಮ್ಮ ಊರೇ: ಬಾಡಿಗೆಗೆ ತಂದ ಯಕ್ಷಗಾನದ ವೇಷ, ಧ್ವನಿಮುದ್ರಿತ ಹಾಡಿಗೆ ಕುಣಿತ, ಕೊನೆಗೆ ಶಾಲು-ಹಣ್ಣುಹಂಪಲು.

ಕಳೆದ ವರ್ಷ ಪೂರ್ವ ಉಪನಗರದ ಒಂದು ಶಾಲೆಯಲ್ಲಿ ಮೂರನೇ ತರಗತಿಯ ಹುಡುಗನೊಬ್ಬ ತನ್ನ ತಲೆಗಿಂತ ದೊಡ್ಡ ಕಿರೀಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸರದಿಗಾಗಿ ಕಾಯುತ್ತಿದ್ದ. ಸುಮ್ಮನೆ ಮಾತಿಗೆಳೆಯಲೆಂದು, ಚಳಿಗಾಲದಲ್ಲಿ ನಿಮ್ಮೂರಿನಲ್ಲಿ ಯಾವ ಹಬ್ಬ ಎಂದು ಕೇಳಿದೆ. “ಎಳ್ಳಮಾಸಿರಿ. ಹೊಲಕ್ಕ ಹೋಗಿ ಚರಗಾ ಚೆಲ್ತೀವ್ರಿ” ಎಂದ. ನನಗೆ ಅರ್ಥವಾಗಲಿಲ್ಲ, ಪಕ್ಕದಲ್ಲಿದ್ದ, ಉಡುಪಿ ಕಡೆಯವರೇ ಆದ ಶಿಕ್ಷಕಿಗೂ ಆಗಲಿಲ್ಲ. ಅರ್ಥವಾದದ್ದು ಮರಾಠಿ ಕಲಿಸುವ ಲಾತೂರಿನ ಮೇಷ್ಟ್ರಿಗೆ. “ಅರೇ, ಇದು ನಮ್ಮ ಯೇಳವಸ!” ಎಂದು ಅವರು ಹುಡುಗನ ಬೆನ್ನು ತಟ್ಟಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಕೇಳಿ ತಿಳಿದುಕೊಂಡೆ. ಮಾರ್ಗಶಿರದ ಅಮಾವಾಸ್ಯೆಯಂದು, ಹಿಂಗಾರಿನ ಬಿಳಿಜೋಳ ಹೊಲದಲ್ಲಿ ನಿಂತಿರುವಾಗ, ಭೂಮಿತಾಯಿ ಬಸುರಿ ಎಂದು ಭಾವಿಸಿ ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ ಅದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಹತ್ತಾರು ಬಗೆಯ ಕಾಳು-ಸೊಪ್ಪು ಬೆರೆಸಿದ ಭಜ್ಜಿಯನ್ನು ಬುಟ್ಟಿಯಲ್ಲಿ ಹೊತ್ತು ಹೋಗಿ, ಪಾಂಡವರೆಂದು ಐದು ಕಲ್ಲಿಟ್ಟು ಪೂಜಿಸಿ, ಎಡೆಯನ್ನು ಕೂಗು ಹಾಕುತ್ತ ಹೊಲದ ತುಂಬ ಚೆಲ್ಲುತ್ತಾರೆ; ಅದೇ ಚರಗ. ಆ ಕೂಗು ಊರೂರಿಗೂ ಬೇರೆಯಂತೆ. ನಾನು ಹೋಗಿ ವಿಚಾರಿಸಿದ ದಿನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು “ಹುಲ್ಲುಲ್ಲಿಗೋ” ಎಂದೊಡನೆ ಹಿಂದಿನ ಬೆಂಚಿನವರು ಹಾಗಲ್ಲ, ಹೀಗೆ ಎಂದು ಜಗಳಕ್ಕೇ ಇಳಿದರು. ಆ ಹದಿನೈದು ನಿಮಿಷಗಳಲ್ಲಿ ತರಗತಿಯಲ್ಲಿದ್ದ ಸದ್ದು ವಾರ್ಷಿಕೋತ್ಸವದ ಧ್ವನಿವರ್ಧಕದಲ್ಲೂ ನಾನು ಕೇಳಿರಲಿಲ್ಲ.

ನಮ್ಮ ತುಳುನಾಡಿಗೂ ಇದು ದೂರದ ಸಂಗತಿಯೇನಲ್ಲ. ಫೆಬ್ರವರಿಯ ಕೆಡ್ಡಸದಲ್ಲಿ ಭೂಮಿ ಮುಟ್ಟಾದಳೆಂದು ಮೂರು ದಿನ ನೆಲ ಅಗೆಯದೆ, ಹುರಿದ ಅಕ್ಕಿಪುಡಿಗೆ ಬೆಲ್ಲ-ಕಾಯಿ ಬೆರೆಸಿದ ನನ್ನೆರಿ ಹಂಚಿ, ಅವಳಿಗೆ ಎಣ್ಣೆ-ಅರಿಶಿನ ಇಡುವವರು ನಾವು. ಈ ಎರಡು ಆಚರಣೆಗಳನ್ನು ಒಂದೇ ತರಗತಿಯಲ್ಲಿ ಪಕ್ಕಪಕ್ಕದಲ್ಲಿಟ್ಟು ಮಾತಾಡಿಸಬಹುದಾಗಿದ್ದ ಅವಕಾಶವನ್ನು ನಾವು ವರ್ಷಾನುಗಟ್ಟಲೆ ಕೈಚೆಲ್ಲಿದ್ದೇವೆ. ನಾವು ತೋರಿಸಿದ್ದಾದರೂ ನೆಟ್ಟಗಿತ್ತೇ? ಅದೇ ಕಾರ್ಯಕ್ರಮದಲ್ಲಿ ‘ಚಳಿಗಾಲದ ಆಟಗಳು’ ಎಂಬ ಫಲಕದಡಿ ಹದಿನಾಲ್ಕು ಗುಳಿಯ ಚೆನ್ನೆಮಣೆಯನ್ನು ಇಡಲಾಗಿತ್ತು. ಅದು ಆಟಿ ತಿಂಗಳ ಜಡಿಮಳೆಯಲ್ಲಿ ಚಾವಡಿಯಲ್ಲಿ ಕುಳಿತು ಆಡುವ ಆಟ. ಮಣೆ ನಮ್ಮ ಮನೆಯದೇ. ಫಲಕ ಓದದೆ ಕೊಟ್ಟು ಬಂದ ತಪ್ಪು ನನ್ನದು.

ಯಕ್ಷಗಾನ ಬೇಡವೆಂದು ನಾನು ಹೇಳುತ್ತಿಲ್ಲ. ಊರಲ್ಲಿ ಮೇಳಗಳ ತಿರುಗಾಟ ನಡೆಯುವುದೂ ಇದೇ ಚಳಿಗಾಲದಲ್ಲಿ. ಮಕ್ಕಳು ಚೆಂಡೆ-ಮದ್ದಳೆಯನ್ನು ಹತ್ತಿರದಿಂದ ಮುಟ್ಟಿ ನೋಡಲಿ. ಆದರೆ ಬಾಡಿಗೆಯ ವೇಷಭೂಷಣಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು, ಮಕ್ಕಳ ತಾಯಂದಿರು ಶಾಲೆಯಲ್ಲೇ ರೊಟ್ಟಿ ತಟ್ಟುವ ಒಂದು ದಿನಕ್ಕೆ ತೆಗೆದಿಡಬೇಕೆಂದು ಸಂಘ-ಸಂಸ್ಥೆಗಳ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ದಿನಗೂಲಿಯ ತಾಯಿ ಶಾಲೆಗೆ ಬಂದರೆ ಅವಳ ಆ ದಿನದ ಕೂಲಿ ತಪ್ಪುತ್ತದೆ. ಅದನ್ನು ಸಂಘವೇ ಗೌರವಧನವೆಂದು ಕೊಡಲಿ. ಶಾಲು ಹೊದಿಸುವುದಕ್ಕಿಂತ ಅದು ಅವಳಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮುಂಬಯಿಯಲ್ಲಿ ಹೊಲ ಎಲ್ಲಿದೆ ಎಂದು ಸಭೆಯಲ್ಲಿ ಒಬ್ಬರು ನಕ್ಕರು. ಬೇರಿಗೆ ಮರಳು ಮೆತ್ತಿಕೊಂಡೇ ನಮ್ಮ ಮಾರುಕಟ್ಟೆಗೆ ಬರುವ ಪುಟ್ಟ ಸಮುದ್ರ ಮೆಂತೆಯ ಕಟ್ಟುಗಳನ್ನು ಅವರು ನೋಡಿರಲೇಬೇಕು. ಅಗಲದ ತಟ್ಟೆಯಲ್ಲಿ ಮರಳು ಹರಡಿ ಮೆಂತೆಕಾಳು ಚೆಲ್ಲಿದರೆ ಎರಡು ವಾರಗಳಲ್ಲಿ ಬೆರಳುದ್ದ ಏಳುತ್ತದೆ. ತರಗತಿಗೆ ಎರಡು ತಟ್ಟೆಯಂತೆ ಅಮಾವಾಸ್ಯೆಗೆ ಹದಿನೈದು ದಿನ ಮೊದಲು ಬಿತ್ತಿಸಿದರೆ, ಮಕ್ಕಳು ದಿನವೂ ನೀರು ಹಾಕಿ ಅಳೆದು ಬರೆದಿಟ್ಟುಕೊಳ್ಳುವ ಪರಿಸರ ಪಾಠವೂ ಆಯಿತು, ಹಬ್ಬದ ದಿನ ಭಜ್ಜಿಗೆ ಸೊಪ್ಪೂ ಆಯಿತು, ಚರಗ ಚೆಲ್ಲಲು ಒಂದಿಷ್ಟು ಹಸಿರೂ ಸಿಕ್ಕಿತು. ಸಜ್ಜೆ ಹಿಟ್ಟು ಇಲ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತದೆ.

ಈ ಸಲದ ಕಾರ್ಯಕ್ರಮ ಪಟ್ಟಿ ಇನ್ನೂ ಅಚ್ಚಾಗಿಲ್ಲವೆಂದು ಕೇಳಿದ್ದೇನೆ. ನಮ್ಮ ಮನೆಯಲ್ಲಿರುವ ನಾಲ್ಕು ದೊಡ್ಡ ಹಿತ್ತಾಳೆ ತಟ್ಟೆಗಳನ್ನು ಕೇಳಿದ ಶಾಲೆಗೆ ತಲುಪಿಸಲು ಸಿದ್ಧನಿದ್ದೇನೆ.

ಇಂತು,
ಓರ್ವ ಹಿರಿಯ ಓದುಗ,
ಘಾಟ್ಕೋಪರ್, ಮುಂಬಯಿ