ಆಯ್ದ ಪರದೆ ಬರಲಿಲ್ಲ, ಬಂದ ಹಾರ್ಡ್ ಡಿಸ್ಕ್ ಹೊಸದಲ್ಲ: ಲ್ಯಾಪ್‌ಟಾಪ್ ಸಂಸ್ಥೆಗೊಂದು ದೂರು ಪತ್ರ

ಬದಿಯಡ್ಕ, ಕಾಸರಗೋಡು ಜಿಲ್ಲೆ
12 ಜನವರಿ 2026

ಗೆ,
ದೂರು ಪರಿಹಾರ ಅಧಿಕಾರಿಗಳು,
ಆನ್‌ಲೈನ್ ಮಾರಾಟ ವಿಭಾಗ,
ಬೆಂಗಳೂರು

ವಿಷಯ: ಆರ್ಡರ್ ಮಾಡುವಾಗ ಆಯ್ದು ಹೆಚ್ಚುವರಿ ಹಣ ತೆತ್ತ ಪರದೆಯನ್ನು ಕೊಡದೆ ಬೇರೆ ಪರದೆ ಕೊಟ್ಟಿರುವುದು ಹಾಗೂ ಬಳಸಿದ ಹಾರ್ಡ್ ಡಿಸ್ಕನ್ನು ಹೊಸದೆಂದು ಮಾರಿರುವುದು.

ಉಲ್ಲೇಖ: 2025 ನವೆಂಬರ್ 22ರ ನನ್ನ ಆರ್ಡರ್, 2025 ಡಿಸೆಂಬರ್ 3ರ ನನ್ನ ಮೊದಲ ದೂರು.

ಮಾನ್ಯರೇ,

ತಮ್ಮ ಸಂಸ್ಥೆಯಿಂದ 61,400 ರೂಪಾಯಿ ಕೊಟ್ಟು ಕೊಂಡ 15.6 ಇಂಚಿನ ಲ್ಯಾಪ್‌ಟಾಪ್ ಡಿಸೆಂಬರ್ 1ರಂದು ನನ್ನ ಕೈಸೇರಿತು. ಎರಡು ದಿನ ಬಳಸಿ ನೋಡಿ, ಮೂರನೆಯ ದಿನವೇ ದೂರು ಕೊಟ್ಟೆ. ಇಂದಿಗೆ ನಲವತ್ತು ದಿನಗಳಾದವು. ಫೋನಿನಲ್ಲಿ ಹೇಳಿದ್ದು ಪ್ರತಿ ಸಲವೂ ಹೊಸಬರ ಕಿವಿಗೆ ಬೀಳುತ್ತಿರುವುದರಿಂದ, ನಡೆದದ್ದನ್ನೆಲ್ಲ ಒಂದೇ ಕಡೆ ಬರೆದು ಕಳುಹಿಸುತ್ತಿದ್ದೇನೆ.

ನಾನು ಬದಿಯಡ್ಕ ಪೇಟೆಯಲ್ಲಿ ಹದಿನೆಂಟು ವರ್ಷಗಳಿಂದ ಕನ್ನಡ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಮುದ್ರಣಕ್ಕೆ ಪುಟ ಸಿದ್ಧಪಡಿಸುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ಮದುವೆ, ಉಪನಯನಗಳ ಹೇಳಿಕೆ ಕಾಗದ, ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ, ಯಕ್ಷಗಾನ ಬಯಲಾಟದ ಕರಪತ್ರ, ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಸ್ಮರಣ ಸಂಚಿಕೆ, ಇವೇ ನನ್ನ ಜೀವನೋಪಾಯ. 2015ರಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪ್ ಇನ್ನೂ ನಡೆಯುತ್ತಿದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಐದನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11 ಕೇಳುವ ಅರ್ಹತೆಯ ಪಟ್ಟಿಯಲ್ಲಿಲ್ಲ. ಗಿರಾಕಿಗಳ ಕಡತಗಳು ದಿನವೂ ಮೇಲ್‌ನಲ್ಲಿ ಬಂದು ಹೋಗುವ ಯಂತ್ರವನ್ನು ಭದ್ರತಾ ಅಪ್‌ಡೇಟ್ ಇಲ್ಲದೆ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಬದಲಾಯಿಸಲು ಹೊರಟೆ. ಹೇಗೂ ಬದಲಾಯಿಸುವುದಾದರೆ, ಹತ್ತು ವರ್ಷ ನನ್ನನ್ನು ಕಾಡಿದ ಎರಡು ಕೊರತೆಗಳನ್ನೂ ಇದರೊಂದಿಗೇ ಕಳೆದುಕೊಳ್ಳಬೇಕೆಂದುಕೊಂಡೆ. ಒಂದು ಪರದೆ, ಇನ್ನೊಂದು ಸಂಗ್ರಹಣೆಯ ಜಾಗ.

ತಮ್ಮ ಆರ್ಡರ್ ಪುಟದಲ್ಲಿ ಈ ಮಾದರಿಗೆ ಮೂರು ಪರದೆಗಳ ಆಯ್ಕೆಯಿತ್ತು. ಮೂಲ ಬೆಲೆಗೆ 1366×768ರ, ಅಂದರೆ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳಿರುವ ಟಿಎನ್ ಪರದೆ. 4,200 ರೂಪಾಯಿ ಹೆಚ್ಚು ಕೊಟ್ಟರೆ 1920×1080ರ ಫುಲ್ ಎಚ್‌ಡಿ ಐಪಿಎಸ್ ಪರದೆ. ಅದಕ್ಕೂ ಮೇಲಿನದು, ಚುಕ್ಕೆಗಳು ಇನ್ನೂ ಹೆಚ್ಚಿರುವ 4ಕೆ. ಟಿಎನ್, ಐಪಿಎಸ್ ಎಂಬವು ಪರದೆಯ ಎರಡು ಬಗೆಗಳು, ಅವುಗಳ ಅಂತರವನ್ನು ಮುಂದೆ ಹೇಳುತ್ತೇನೆ. ಹದಿನೈದೂವರೆ ಇಂಚಿನಲ್ಲಿ 4ಕೆ ತೆಗೆದುಕೊಂಡರೆ ಎಲ್ಲವನ್ನೂ ದುಪ್ಪಟ್ಟು ಹಿಗ್ಗಿಸಿಯೇ ನೋಡಬೇಕು, ಬ್ಯಾಟರಿಯೂ ಬೇಗ ಬರಿದಾಗುತ್ತದೆ, ಮಳೆಗಾಲದಲ್ಲಿ ಇಲ್ಲಿ ಕರೆಂಟನ್ನು ನಂಬಿ ಕೂರುವಂತಿಲ್ಲ. ಆದ್ದರಿಂದ ನಡುವಿನದನ್ನು ಆಯ್ದೆ. ನನ್ನ ಬಿಲ್ಲಿನಲ್ಲಿಯೂ ಅದೇ ಮುದ್ರಿತವಾಗಿದೆ: ಫುಲ್ ಎಚ್‌ಡಿ, ಐಪಿಎಸ್.

ಬಂದದ್ದು 1366×768ರ ಟಿಎನ್ ಪರದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅದಕ್ಕಿಂತ ಮೇಲಿನ ಅಳತೆಯೇ ಇಲ್ಲ. ಡ್ರೈವರ್ ಸರಿಯಾಗಿ ಕೂರದೆ ಹೀಗಾಗಿರಬಹುದೆಂದು ಮೊದಲು ನಾನೂ ತಿಳಿದೆ. ಗ್ರಾಫಿಕ್ಸ್ ಡ್ರೈವರ್ ಅಳಿಸಿ ಮತ್ತೆ ಹಾಕಿದೆ. ಆಮೇಲೆ ಪರದೆಯೇ ತನ್ನ ಬಗ್ಗೆ ಹೇಳಿಕೊಳ್ಳುವ ಮಾದರಿ ಸಂಖ್ಯೆಯನ್ನು ಸಾಫ್ಟ್‌ವೇರ್ ಮೂಲಕ ತೆಗೆದು ನೋಡಿದಾಗ ಅನುಮಾನಕ್ಕೆ ಎಡೆಯುಳಿಯಲಿಲ್ಲ. ಅದರ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಇದು ನನ್ನ ಹಳೆಯ ಲ್ಯಾಪ್‌ಟಾಪಿನ ಪರದೆಯದೇ ಅಳತೆ. ಯಾವುದನ್ನು ಬಿಡಬೇಕೆಂದು ಹಣ ಕೂಡಿಸಿದೆನೋ ಅದೇ ಹೊಸ ಪೆಟ್ಟಿಗೆಯಲ್ಲಿ ಮನೆಗೆ ಬಂದಿದೆ.

ತಮ್ಮ ಸಹಾಯವಾಣಿಯ ಪ್ರತಿನಿಧಿಯೊಬ್ಬರು "ಇದೂ ಎಚ್‌ಡಿಯೇ, ಬೇಕಾದಾಗ ಝೂಮ್ ಮಾಡಿಕೊಳ್ಳಿ" ಎಂದರು. 1366×768 ಎಂದರೆ 10,49,088 ಚುಕ್ಕೆಗಳು, 1920×1080 ಎಂದರೆ 20,73,600. ಹೆಸರಿನಲ್ಲಿ ಒಂದೇ ಪದದ ಅಂತರ ಕಂಡರೂ ನನಗೆ ಸಿಕ್ಕಿರುವುದು ಹೆಚ್ಚುಕಡಿಮೆ ಅರ್ಧ. ಕನ್ನಡ ಅಕ್ಷರ ಜೋಡಿಸುವವರಿಗೆ ಈ ಅರ್ಧದ ಅರ್ಥವೇನೆಂದು ಸ್ವಲ್ಪ ವಿವರಿಸಬೇಕಾಗಿದೆ. ಪುಟ ವಿನ್ಯಾಸ ಮಾಡುವಾಗ ಎ4 ಪುಟವನ್ನು ಇಡಿಯಾಗಿ ಪರದೆಯ ಮೇಲೆ ಇಟ್ಟುಕೊಂಡೇ ನೋಡಬೇಕು. 768 ಸಾಲುಗಳಲ್ಲಿ ಮೇಲಿನ ಟೂಲ್‌ಬಾರ್, ಕೆಳಗಿನ ಟಾಸ್ಕ್‌ಬಾರ್ ಕಳೆದರೆ ಪುಟಕ್ಕೆ ಉಳಿಯುವುದು ಹೆಚ್ಚೆಂದರೆ 600. 297 ಮಿಲಿಮೀಟರ್ ಉದ್ದದ ಪುಟ ಆ 600 ಸಾಲುಗಳಲ್ಲಿ ಅಡಗಬೇಕಾದರೆ, 12 ಪಾಯಿಂಟಿನ ಅಕ್ಷರದ ಎತ್ತರಕ್ಕೆ ಸಿಗುವುದು ಎಂಟೂವರೆ ಚುಕ್ಕೆ. ತಲೆಕಟ್ಟು, ಅಕ್ಷರದ ಒಡಲು, ಗುಣಿತದ ಕೊಂಬು ಎಲ್ಲವೂ ಅಷ್ಟರಲ್ಲೇ ಮೂಡಬೇಕು. ಫುಲ್ ಎಚ್‌ಡಿಯಲ್ಲಾದರೆ ಅದೇ ಅಕ್ಷರಕ್ಕೆ ಹನ್ನೆರಡರಿಂದ ಹದಿಮೂರು ಚುಕ್ಕೆ ಸಿಗುತ್ತಿತ್ತು. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದಲ್ಲಿನ ಒಂದು ಸಣ್ಣ ಸೀಳು. ಧ ಮತ್ತು ಥ, ರ ಮತ್ತು ಠ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಬೊಟ್ಟಿನಿಂದ. ಸಿದ್ಧಿ, ಶ್ರದ್ಧೆ ಎಂಬ ಪದಗಳಲ್ಲಿ ಆ ಸೀಳು ಒತ್ತಕ್ಷರದೊಳಗೆ ಇನ್ನೂ ಕಿರಿದಾಗುತ್ತದೆ. ಎಂಟೂವರೆ ಚುಕ್ಕೆಗಳ ಪರದೆಯಲ್ಲಿ ಇವೆಲ್ಲ ಒಂದೇ ಕಪ್ಪು ಉಂಡೆ.

ಡಿಸೆಂಬರ್ ಎರಡನೆಯ ವಾರ ಒಂದು ಮದುವೆಯ ಹೇಳಿಕೆ ಕಾಗದವನ್ನು ಅನಿವಾರ್ಯವಾಗಿ ಇದೇ ಯಂತ್ರದಲ್ಲಿ ಮಾಡಿದೆ. ಹಣೆಬರಹದ ಸಾಲಿನಲ್ಲಿ "ವಧೂವರರನ್ನು ಆಶೀರ್ವದಿಸಬೇಕಾಗಿ" ಎಂದಿರಬೇಕಾದಲ್ಲಿ "ವದೂವರರನ್ನು" ಎಂದಾಗಿತ್ತು. ನಾನು ನೋಡಿದೆ, ಹುಡುಗಿಯ ಸೋದರಮಾವ ಪಕ್ಕದಲ್ಲಿ ಕುಳಿತು ನೋಡಿದರು, ಇಬ್ಬರಿಗೂ ಕಾಣಲಿಲ್ಲ. ಮುದ್ರಣವಾಗಿ ಬಂದ ಕಾಗದವನ್ನು ಮನೆಯ ಹಿರಿಯರೊಬ್ಬರು ಕೈಯಲ್ಲಿ ಹಿಡಿದ ಕೂಡಲೇ ಬೆರಳಿಟ್ಟು ತೋರಿಸಿದರು. 400 ಕಾಗದಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿ ಕೊಟ್ಟೆ. ಆ ಖರ್ಚನ್ನು ನಾನು ತಮ್ಮಿಂದ ಕೇಳುವುದಿಲ್ಲ, ಶಿಫ್ಟ್ ಕೀಲಿ ಒತ್ತದೆ ಬಿಟ್ಟದ್ದು ನನ್ನ ಬೆರಳು. ಆದರೆ ಅಂತಹ ತಪ್ಪನ್ನು ಹಿಡಿಯಲೆಂದೇ ನಾನು 4,200 ರೂಪಾಯಿ ಹೆಚ್ಚು ಕೊಟ್ಟು ಆ ಪರದೆಯನ್ನು ಆಯ್ದದ್ದು ಎಂಬುದನ್ನು ತಾವು ತಿಳಿಯಬೇಕು.

ಬಣ್ಣದ ಮಾತೂ ಇದೆ. ಐಪಿಎಸ್ ಪರದೆಯಲ್ಲಿ ದ್ರವಸ್ಫಟಿಕಗಳು ಪರದೆಯ ಸಮತಲದಲ್ಲೇ ತಿರುಗುವುದರಿಂದ ಯಾವ ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಟಿಎನ್ ಪರದೆಯಲ್ಲಿ ತಲೆ ಸ್ವಲ್ಪ ಎತ್ತಿದರೆ ಒಂದು ಬಣ್ಣ, ತಗ್ಗಿಸಿದರೆ ಇನ್ನೊಂದು. ನನ್ನ ಅಂಗಡಿಗೆ ಗಿರಾಕಿಗಳು ಒಬ್ಬೊಬ್ಬರಾಗಿ ಬರುವುದಿಲ್ಲ. ಬ್ರಹ್ಮಕಲಶೋತ್ಸವ ಸಮಿತಿಯವರೆಂದರೆ ನಾಲ್ಕೈದು ಮಂದಿ ಬಂದು, ಇಬ್ಬರು ಕುಳಿತು ಉಳಿದವರು ಹಿಂದೆ ನಿಂತು ನೋಡುತ್ತಾರೆ. ಕಳೆದ ವಾರ ಅಂಚಿನ ಪಟ್ಟಿ ಕುಂಕುಮದ ಕೆಂಪೇ ಇದೆ ಎಂದು ಕುಳಿತವರು, ಕಿತ್ತಳೆಯಾಯಿತು ಎಂದು ನಿಂತವರು. ಇಬ್ಬರೂ ಸರಿಯೇ ಹೇಳುತ್ತಿದ್ದರು.

ಇನ್ನು ಸಂಗ್ರಹಣೆಯ ವಿಷಯ. ಇಲ್ಲಿ ತಿರುಗುವ ಭಾಗಗಳಿಲ್ಲದ, ವೇಗದ 512 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿಯ ಜೊತೆಗೆ 3,600 ರೂಪಾಯಿ ಹೆಚ್ಚು ಕೊಟ್ಟು 1 ಟಿಬಿಯ ಹಾರ್ಡ್ ಡಿಸ್ಕನ್ನೂ ಆಯ್ದಿದ್ದೆ. ಎಸ್‌ಎಸ್‌ಡಿ ಹೇಳಿದ್ದೇ ಬಂದಿದೆ, ಅದರ ವೇಗದ ಬಗ್ಗೆ ನನಗೆ ತೃಪ್ತಿಯಿದೆ.

ಇಷ್ಟು ವೇಗದ ಎಸ್‌ಎಸ್‌ಡಿ ಇರುವಾಗ ತಿರುಗುವ ಹಾರ್ಡ್ ಡಿಸ್ಕ್ ಯಾಕೆ ಎಂದು ತಮ್ಮವರೇ ಕೇಳಿದ್ದರಿಂದ ಹೇಳುತ್ತೇನೆ. ಇಲ್ಲಿನ ಹಳೆಯ ಮನೆಗಳಲ್ಲಿ ಯಕ್ಷಗಾನ ಪ್ರಸಂಗಗಳ ಕೈಬರಹದ ಪುಸ್ತಕಗಳು, ನಿಂತುಹೋದ ಶಾಲಾ ಪತ್ರಿಕೆಗಳು, ತಾಳಮದ್ದಳೆಯ ಟಿಪ್ಪಣಿಗಳು ಗೆದ್ದಲಿಗೂ ತೇವಕ್ಕೂ ಸಿಕ್ಕಿ ಹೋಗುತ್ತಿವೆ. ಕೊಟ್ಟವರಿಂದ ತಂದು ಸ್ಕ್ಯಾನ್ ಮಾಡಿ ಹಿಂದಿರುಗಿಸುವ ಕೆಲಸವನ್ನು ಏಳು ವರ್ಷಗಳಿಂದ ಹಣ ತೆಗೆದುಕೊಳ್ಳದೆ ಮಾಡುತ್ತಿದ್ದೇನೆ. 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಗಳಂತೆ, ಒಂದು ಎ4 ಪುಟದ ಕಪ್ಪು-ಬಿಳುಪು ಛಾಯೆಯ ಚಿತ್ರ, ಸಂಕುಚಿಸದೆ ಇಟ್ಟರೆ ಸುಮಾರು 35 ಎಂಬಿ. ಹತ್ತು ಸಾವಿರ ಪುಟಕ್ಕೆ 350 ಜಿಬಿ. ನನ್ನಲ್ಲಿ ಹತ್ತು ಸಾವಿರ ಪುಟಗಳು ದಾಟಿ ಬಹಳ ದಿನಗಳಾದವು. ಇವನ್ನು ದಿನವೂ ತೆರೆಯುವುದಿಲ್ಲ, ವೇಗ ಬೇಕಾಗಿಲ್ಲ, ಕೆಡದೆ ಉಳಿಯಬೇಕು, ಅಷ್ಟೆ. ಅದಕ್ಕಾಗಿ ಹಾರ್ಡ್ ಡಿಸ್ಕ್.

ಆ ಹಾರ್ಡ್ ಡಿಸ್ಕಿಗೆ ಪುಟಗಳನ್ನು ತುಂಬಿ, ಸರಿಯಾಗಿ ಕುಳಿತಿವೆಯೇ ಎಂದು ಮತ್ತೆ ತೆರೆದು ನೋಡುವಾಗ ಒಂದು ಫೋಲ್ಡರಿನಲ್ಲಿ ಯಂತ್ರ ನಿಂತುಬಿಟ್ಟಿತು. ಒಳಗಿಂದ ಗಡಿಯಾರದಂತಹ ಟಿಕ್ ಟಿಕ್ ಶಬ್ದ, ಸ್ವಲ್ಪ ಹೊತ್ತಿನ ಬಳಿಕ ಪರದೆಯ ಮೇಲೆ ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಎಂಬ ಸಂದೇಶ, ಅಂದರೆ ಬರೆದಿಟ್ಟದ್ದನ್ನು ಡಿಸ್ಕಿನಿಂದ ಸರಿಯಾಗಿ ಓದಲಾಗುತ್ತಿಲ್ಲ ಎಂದು. ಒಂದು ಪ್ರಸಂಗದ ಹನ್ನೊಂದು ಪುಟಗಳು ತೆರೆಯಲೇ ಇಲ್ಲ. ಹಳೆಯ ಲ್ಯಾಪ್‌ಟಾಪಿನಿಂದ ಅವನ್ನು ಅಳಿಸಿರಲಿಲ್ಲವಾದ್ದರಿಂದ ಉಳಿದುಕೊಂಡವು. ಆಗ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರ್ ಹಾಕಿ, ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಮಾಹಿತಿಯನ್ನು ನೋಡಿದೆ. ಯಂತ್ರ ನನ್ನ ಕೈಗೆ ಬಂದು ಎರಡು ದಿನವಾಗಿತ್ತು. ಪವರ್ ಆನ್ ಅವರ್ಸ್, ಅಂದರೆ ಡಿಸ್ಕ್ ಇದುವರೆಗೆ ಓಡಿದ ಹೊತ್ತು, ಎಂಬಲ್ಲಿ 1,912 ಗಂಟೆ ಎಂದಿತ್ತು. ಹಗಲು ರಾತ್ರಿ ನಿಲ್ಲಿಸದೆ ಓಡಿಸಿದರೂ ಅದು ಎಂಬತ್ತು ದಿನಗಳ ಓಟ. ಅದೇ ಯಂತ್ರದ ಎಸ್‌ಎಸ್‌ಡಿ ತೋರಿಸಿದ್ದು 14 ಗಂಟೆ. ಕೆಟ್ಟ ಜಾಗಗಳನ್ನು ಬದಲಾಯಿಸಿದ ಲೆಕ್ಕ, ಬದಲಾಯಿಸಲು ಕಾದಿರುವ ಜಾಗಗಳ ಲೆಕ್ಕ ಎರಡೂ ಸೊನ್ನೆಯಾಗಿರಲಿಲ್ಲ. ಕಾರ್ಖಾನೆಯಲ್ಲಿ ಪರೀಕ್ಷೆಗೆಂದು ಓಡಿಸಿದ್ದು ಎಂದು ತಮ್ಮ ಉತ್ತರದಲ್ಲಿದೆ. ಪರೀಕ್ಷೆ ಹಾರ್ಡ್ ಡಿಸ್ಕಿಗೆ ಮಾತ್ರ ಎಂಬತ್ತು ದಿನ ನಡೆಯಿತೇ?

ಈ ಡಿಸ್ಕ್ ನನ್ನಲ್ಲಿಗೆ ಬರುವ ಮೊದಲು ಯಾರದೋ ಯಂತ್ರದಲ್ಲಿತ್ತು, ಅವರ ಕಾಗದಪತ್ರಗಳು ಅದರಲ್ಲಿದ್ದವು ಎಂದು ನನಗೆ ತೋರುತ್ತದೆ. ನಾಳೆ ನಾನು ಹಿಂದಿರುಗಿಸಿದರೆ ಇದು ಇನ್ನೊಬ್ಬರಿಗೆ ಹೊಸದಾಗಿ ಹೋಗುವುದಿಲ್ಲ ಎಂಬ ಲಿಖಿತ ಭರವಸೆ ಬೇಕು.

ದೂರಿಗೆ ತಾವು ಕೊಟ್ಟ ಮೊದಲ ಉತ್ತರ, ಹಿಂದಿರುಗಿಸುವ ಹತ್ತು ದಿನಗಳ ಅವಧಿ ಮುಗಿದಿದೆ ಎಂಬುದು. ನಾನು ಮೂರನೆಯ ದಿನ ಬರೆದೆ, ತಾವು ಹನ್ನೆರಡನೆಯ ದಿನ ಉತ್ತರಿಸಿದಿರಿ. ಎರಡನೆಯ ಉತ್ತರ, ಪಿನ್‌ಕೋಡ್ ಕೇರಳದ್ದಾದ್ದರಿಂದ ಯಂತ್ರವನ್ನು ಕೋಝಿಕ್ಕೋಡ್‌ನ ಸೇವಾ ಕೇಂದ್ರಕ್ಕೆ ನಾನೇ ತಲುಪಿಸಬೇಕೆಂಬುದು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು ನಿಜ. ಆದರೆ ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಕೋಝಿಕ್ಕೋಡಿಗೆ ಅದರ ಮೂರು ಪಟ್ಟಿಗೂ ಹೆಚ್ಚು. ನನ್ನ ಮುದ್ರಣದ ಕೆಲಸವೆಲ್ಲ ಮಂಗಳೂರಿನಲ್ಲೇ ಆಗುವುದರಿಂದ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಲೇ ಇರುತ್ತೇನೆ. ತಮ್ಮ ಸೇವಾ ಕೇಂದ್ರವೂ ಅಲ್ಲಿದೆ. ಗಡಿಯ ಈಚೆಗಿರುವ ಗಿರಾಕಿಯ ಯಂತ್ರವನ್ನು ಅಲ್ಲಿ ಮುಟ್ಟುವುದಿಲ್ಲ ಎಂಬ ನಿಯಮ ಬಿಲ್ಲಿನಲ್ಲಾಗಲಿ ವಾರಂಟಿ ಕಾಗದದಲ್ಲಾಗಲಿ ಎಲ್ಲಿಯೂ ಇಲ್ಲ.

ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಲಕ್ಷಣಗಳಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳಲ್ಲಿದೆ. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ ಅದೇ ನಿಯಮಗಳು ಹೇಳುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೇ ಕಲಮಿನಂತೆ ನಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಕಾಸರಗೋಡಿನಲ್ಲೇ, ದೂರು ದಾಖಲಿಸಬಹುದು. ಅಲ್ಲಿಗೆ ಹೋಗುವುದು ನನ್ನ ಇಷ್ಟವಲ್ಲ. ಜನವರಿಯಿಂದ ಮೇ ತಿಂಗಳವರೆಗೆ ಇಲ್ಲಿ ಜಾತ್ರೆ, ನೇಮ, ಬ್ರಹ್ಮಕಲಶಗಳ ಕಾಲ, ನನಗೆ ವರ್ಷದ ಅನ್ನ ಹುಟ್ಟುವುದೇ ಈ ಐದು ತಿಂಗಳಲ್ಲಿ. ಆದರೂ ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಪರಿಹಾರ ಸಿಗದಿದ್ದರೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ, ಆಮೇಲೆ ಆಯೋಗದಲ್ಲಿ ದೂರು ಕೊಡುವುದು ಖಂಡಿತ.

ನಾನು ಕೇಳುವುದು ಇಷ್ಟು. ಬಿಲ್ಲಿನಲ್ಲಿರುವ ಫುಲ್ ಎಚ್‌ಡಿ ಐಪಿಎಸ್ ಪರದೆಯನ್ನೂ, ಒಂದು ಗಂಟೆಯೂ ಯಾರ ಬಳಿಯೂ ಓಡದ 1 ಟಿಬಿಯ ಹೊಸ ಹಾರ್ಡ್ ಡಿಸ್ಕನ್ನೂ ಮಂಗಳೂರಿನ ಕೇಂದ್ರದಲ್ಲಿ ಹಾಕಿಸಿ ಕೊಡಿ, ಹಾಕಿದ ದಿನದಿಂದ ಅವೆರಡಕ್ಕೂ ವಾರಂಟಿಯನ್ನು ಹೊಸದಾಗಿ ಎಣಿಸಿ. ಅದು ಸಾಧ್ಯವಿಲ್ಲವಾದರೆ ಯಂತ್ರವನ್ನು ಬದಿಯಡ್ಕದಿಂದಲೇ ಒಯ್ದು 61,400 ರೂಪಾಯಿಯನ್ನು ಪೂರ್ತಿ ಹಿಂದಿರುಗಿಸಿ. 7,800 ರೂಪಾಯಿಯ ವ್ಯತ್ಯಾಸವನ್ನು ಮರಳಿಸಿ ಮುಗಿಸುವ ತಮ್ಮ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ, ಆ ಹಣದಿಂದ ಈ ಪರದೆಯಲ್ಲಿ ಧಕಾರದ ಸೀಳು ಕಾಣಿಸುವುದಿಲ್ಲ.

ವಾರಂಟಿಗೆ ತೊಂದರೆಯಾಗಬಾರದೆಂದು ಯಂತ್ರವನ್ನು ಇದುವರೆಗೆ ಬಿಚ್ಚಿಸಿಲ್ಲ, ಅಂಟಿಸಿದ ಮೊಹರು ಹಾಗೆಯೇ ಇದೆ. ಬಿಲ್ಲು, ಆರ್ಡರ್ ಪುಟದ ಪ್ರತಿ, ಪರದೆಯ ಮಾದರಿ ಸಂಖ್ಯೆ ಹಾಗೂ ಎರಡೂ ಡಿಸ್ಕ್‌ಗಳ ಗಂಟೆಗಳ ಲೆಕ್ಕದ ಸ್ಕ್ರೀನ್‌ಶಾಟ್‌ಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಯಂತ್ರವನ್ನು ಯಾವ ದಿನ ತರಬೇಕೆಂದು ಎರಡು ದಿನ ಮುಂಚಿತವಾಗಿ ತಿಳಿಸಿದರೆ, ಅದರಲ್ಲಿರುವ ಪುಟಗಳನ್ನು ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಡಿಸ್ಕನ್ನು ಅಳಿಸಿ ಸಿದ್ಧವಾಗಿಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಬದಿಯಡ್ಕ